ವಿಭೂತಿ ಹಚ್ಚಿದ ರೂಟರಿನ ಮೇಲೆ ಬಂದ ದೂರು

ಕತ್ರಿಗುಪ್ಪೆಯ ಆ ಮನೆಯಲ್ಲಿ ರೂಟರಿಗೂ ವಿಭೂತಿ ಹಚ್ಚಿದ್ದರು. ಹಿಂದಿನ ಆಯುಧಪೂಜೆಯ ದಿನ ಮಿಕ್ಸಿ, ಗ್ರೈಂಡರ್, ಸ್ಕೂಟರುಗಳ ಸಾಲಿನಲ್ಲಿ ಅದಕ್ಕೂ ಮೂರು ಬೆರಳಿನ ಪಟ್ಟೆ ಎಳೆದದ್ದು ಹಾಗೇ ಉಳಿದಿತ್ತು. ಹಾಲಿನ ಶೋಕೇಸಿನ ಮೇಲೆ ಎರಡು ಕೊಂಬು ನಿಗುರಿಸಿಕೊಂಡು ಭಕ್ತನಂತೆ ಕೂತಿದ್ದ ಅದನ್ನು ಮನೆಯ ಸೊಸೆ ಬೆರಳು ಮಾಡಿ ತೋರಿಸಿದಳು. "ಕಂಪನಿಯವ್ರು ಇದನ್ನೇ ಕಳ್ಳ ಅಂತಿದಾರೆ ಅಕ್ಕ."

ಮನೆಗಳಿಗೆ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಜೋಡಿಸಿಕೊಡುವುದು ನನ್ನ ಕೆಲಸ. ಬನಶಂಕರಿ, ಜಯನಗರ, ಜೆಪಿ ನಗರದ ಎಷ್ಟೋ ಮನೆಗಳ ಅಟ್ಟದ ಧೂಳು ನನ್ನ ತಲೆಗೆ ಮೆತ್ತಿದೆ. ಹೆಂಗಸು ಏಣಿ ಹತ್ತುತ್ತಾಳೆ ಎಂದು ಪಕ್ಕದ ಮನೆಯವರು ಕಿಟಕಿಯಲ್ಲಿ ಬಂದು ನಿಲ್ಲುವುದೂ ನನಗೆ ಅಭ್ಯಾಸವಾಗಿದೆ. ಆದರೆ ಒಬ್ಬರ ನೌಕರಿಯೇ ನನ್ನ ಕೈಯ ಮೇಲೆ ನಿಂತದ್ದು ಅದೇ ಮೊದಲು.

ಸೊಸೆ ವಿಮಾ ಕಂಪನಿಯೊಂದಕ್ಕೆ ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸುವ ತಂಡದಲ್ಲಿದ್ದಳು. ರಿಂಗ್ ರೋಡಿನ ಗುಂಡಿಯಲ್ಲಿ ಸ್ಕೂಟರಿನಿಂದ ಬಿದ್ದು ಎಡಗಾಲಿಗೆ ರಾಡ್ ಹಾಕಿಸಿಕೊಂಡಿದ್ದಳು. ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಹಾಗೆ ಮಾಡುತ್ತಲೇ ಟೀಮ್ ಲೀಡ್ ಆಗಿದ್ದಳು. ಆಫೀಸು ಬೊಮ್ಮನಹಳ್ಳಿಯ ಕಡೆ. ಆ ಕಾಲಿನಲ್ಲಿ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ದಿನಾ ಹೋಗಿಬರುವ ಮಾತೇ ಇಲ್ಲ. ಅಷ್ಟರಲ್ಲಿ ಕಂಪನಿಯ ಸೆಕ್ಯುರಿಟಿ ವಿಭಾಗದಿಂದ ಒಂದು ಮೇಲ್ ಬಂತು. 'ನಿಮ್ಮ ಮನೆಯ ಇಂಟರ್ನೆಟ್ ವಿಳಾಸದಿಂದ ನಮ್ಮ ಲಾಗಿನ್ ಪುಟವನ್ನು ಯಾರೋ ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕಿ ತಟ್ಟುತ್ತಿದ್ದಾರೆ. ರೂಟರಿಗೆ ಸೋಂಕು ತಗುಲಿರುವ ಅನುಮಾನವಿದೆ. ಶುಕ್ರವಾರದೊಳಗೆ ಸರಿಪಡಿಸಿ, ಇಲ್ಲವಾದರೆ ಸೋಮವಾರದಿಂದ ಆಫೀಸಿಗೆ ಬನ್ನಿ' ಎಂಬುದು ಅದರ ಸಾರಾಂಶ. ಒಮ್ಮೆ ಮುಗಿಸಿದ ದೂರು ಮತ್ತೆ ಎದ್ದರೆ ಮನೆಯಿಂದ ಕೆಲಸ ಮಾಡುವ ಅನುಮತಿ ಕಾಯಂ ರದ್ದು ಎಂಬ ಸಾಲೂ ಕೊನೆಯಲ್ಲಿತ್ತು. "ಸೋಮವಾರ ಹೋಗಕ್ಕಾಗಲಿಲ್ಲ ಅಂದ್ರೆ ನನ್ ಟೀಮನ್ನ ಬೇರೆಯವ್ರಿಗೆ ಕೊಡ್ತಾರೆ" ಎಂದಳು ಸೊಸೆ.

ನಾನು ಒಂದು ಫೈರ್‌ವಾಲ್ ಪೆಟ್ಟಿಗೆ ತಂದೆ. ಟಿಫಿನ್ ಡಬ್ಬಿಯಷ್ಟು ಗಾತ್ರ, ಕೆಲಸ ಮಾತ್ರ ಅಪಾರ್ಟ್‌ಮೆಂಟಿನ ಗೇಟಿನ ವಾಚ್‌ಮ್ಯಾನ್‌ನದು. ಮನೆಯಿಂದ ಯಾರು ಹೊರಗೆ ಹೋದರು, ಎಲ್ಲಿಗೆ ಹೋದರು, ಎಷ್ಟು ಸಲ ಹೋದರು ಎಂಬುದನ್ನೆಲ್ಲ ಬರೆದಿಡುತ್ತದೆ. ಬೇಡವೆಂದವರನ್ನು ತಡೆಯುತ್ತದೆ. ಗೋಡೆಯ ಫೈಬರ್ ಡಬ್ಬಿಗೂ ರೂಟರಿಗೂ ನಡುವೆ ಅದನ್ನು ಕೂರಿಸಿದೆ. ರೂಟರಿನಿಂದ ಯಜಮಾನಿಕೆ ಕಿತ್ತುಕೊಂಡು ಬರೀ ವೈಫೈ ಹಂಚುವ ಕೆಲಸಕ್ಕೆ ಇಳಿಸಿದೆ. ಹೀಗೆ ಮಾಡಿದರೆ ಮನೆಯ ಪ್ರತಿಯೊಂದು ಸಾಧನವೂ ಪೆಟ್ಟಿಗೆಯ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುತ್ತದೆ. ಟಿವಿ ಮಾಡಿದ್ದು ಟಿವಿಯ ತಲೆಗೆ, ಫೋನ್ ಮಾಡಿದ್ದು ಫೋನಿನ ತಲೆಗೆ.

ನಾನು ಕೆಲಸ ಮಾಡುತ್ತಿದ್ದಾಗ ಅತ್ತೆ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದರು. ಬಾಗಲಕೋಟೆ ಕಡೆಯವರು, ಕತ್ರಿಗುಪ್ಪೆಗೆ ಬಂದು ತಲೆ ನೆರೆದಿದೆ, ಮಾತು ಮಾತ್ರ ಊರಿನದೇ. ಖಟಕ್ ರೊಟ್ಟಿ, ಚಟ್ನಿಪುಡಿ, ಹಬ್ಬಕ್ಕೆ ಬೆಲ್ಲದ ಉಂಡಿ ಮಾಡಿ ಮಾರುತ್ತಾರೆ. ನಾಗರ ಪಂಚಮಿ ಹತ್ತಿರ ಬಂದಿತ್ತು. ಈ ಊರಿನಲ್ಲಿರುವ ಉತ್ತರ ಕರ್ನಾಟಕದವರಿಗೆ ಪಂಚಮಿ ಎಂದರೆ ಉಂಡಿ. ತಮಗೆ ಕಟ್ಟಲು ಪುರಸೊತ್ತಿಲ್ಲದವರೆಲ್ಲ ಈ ಅತ್ತೆಯ ಅಡುಗೆಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಾರೆ. ಬಿಸಿ ಶೇಂಗಾ ಒಂದು ಹಿಡಿ ನನ್ನ ಕೈಗೆ ಹಾಕಿ, "ಯಾವ ಕಳ್ಳ ಸಿಕ್ಕ ತಂಗಿ?" ಎಂದು ಕೇಳಿದರು. ಇನ್ನೂ ಸಿಕ್ಕಿರಲಿಲ್ಲ.

ಮೊದಲು ಗೇಟಿನ ಕ್ಯಾಮೆರಾದ ಮೇಲೆ ನನ್ನ ಕಣ್ಣಿತ್ತು. ಅಗ್ಗದ ಕ್ಯಾಮೆರಾಗಳು ಊರೆಲ್ಲ ಬಾಯಿಬಿಡುವುದನ್ನು ನಾನು ಕಂಡಿದ್ದೇನೆ. ಅದನ್ನು ತೆಗೆದಿಟ್ಟು ನೋಡಿದೆ, ಕಂಪನಿಯ ಸೆಕ್ಯುರಿಟಿ ಅಧಿಕಾರಿಯಿಂದ 'ಇನ್ನೂ ತಟ್ಟುತ್ತಿದ್ದಾರೆ' ಎಂದೇ ಉತ್ತರ. ಟಿವಿಯ ಪ್ಲಗ್ ಕಿತ್ತರೂ ಅದೇ ಉತ್ತರ. ಲ್ಯಾಪ್‌ಟಾಪ್ ಕಂಪನಿಯದು, ಅದನ್ನು ಅವರೇ ಸೋಸಿ ನೋಡಿದ್ದರು.

ಬುಧವಾರ ಪೆಟ್ಟಿಗೆಯ ದಾಖಲೆ ಓದುತ್ತ ಕೂತಿದ್ದೆ. ರೂಟರ್ ತಾನೇ ತಾನಾಗಿ ಹೊರಗಿನ ಯಾವುದೋ ಒಂದು ವಿಳಾಸದೊಂದಿಗೆ ಮಾತಾಡುತ್ತಿರುವುದು ಕಣ್ಣಿಗೆ ಬಿತ್ತು. ಮನೆಯ ಬೇರೆ ಯಾವ ಸಾಧನಕ್ಕಾಗಿಯೂ ಅಲ್ಲ, ತನ್ನದೇ ಸ್ವಂತ ಮಾತು. ಚಿಕ್ಕ ಚಿಕ್ಕ ತುಣುಕುಗಳು, ಬಿಡದೆ, ಗಡಿಯಾರ ಇಟ್ಟುಕೊಂಡವರ ಹಾಗೆ. ಸಾಮಾನ್ಯವಾಗಿ ಯಾರೂ ಬಳಸದ ಪೋರ್ಟು, ಅಂದರೆ ಮಾತು ಹೊರಹೋಗುವ ಬಾಗಿಲು; ಒಳಗಿನ ಮಾತೆಲ್ಲ ಗೂಢಲಿಪಿ. ವೈಫೈ ಹಂಚಿಕೊಂಡು ಬಾಯಿಮುಚ್ಚಿ ಕೂರಬೇಕಾದ ಯಂತ್ರಕ್ಕೆ ಹೊರಗೆ ಏನು ವ್ಯವಹಾರ? ಸಿಕ್ಕಿಬಿದ್ದೆಯಾ ಮಗನೇ ಎಂದುಕೊಂಡೆ.

ಇಂಟರ್ನೆಟ್ ಕೊಟ್ಟಿದ್ದ ಸ್ಥಳೀಯ ಕೇಬಲ್ ಕಂಪನಿಯವನಿಗೆ ಫೋನ್ ಮಾಡಿ ಆ ವಿಳಾಸ ಓದಿ ಹೇಳಿದೆ.

"ನಮ್ದೇ ಯಾವ್ದೋ ಸರ್ವರ್ ಇರ್ಬೋದು ಮೇಡಂ. ಅಪ್‌ಡೇಟು ಗಿಪ್‌ಡೇಟು."

"ಇರ್ಬೋದು ಅಂದ್ರೆ ಆಗಲ್ಲ ಅಣ್ಣ. ಹೌದೋ ಅಲ್ವೋ ಹೇಳಿ."

"ಬ್ಲಾಕ್ ಮಾಡಿ ಮೇಡಂ, ಏನೂ ಆಗಲ್ಲ. ನೆಟ್ ಬರ್ತಾ ಇರುತ್ತೆ."

ಬ್ಲಾಕ್ ಮಾಡಿದೆ. ಅವನು ಹೇಳಿದಂತೆ ನೆಟ್ ಬರುತ್ತಲೇ ಇತ್ತು. ಸೊಸೆಯ ಲ್ಯಾಪ್‌ಟಾಪು ಓಡಿತು, ಟಿವಿ ಓಡಿತು. ಪೆಟ್ಟಿಗೆಯ ಪರದೆಯ ಮೇಲೆ ರೂಟರಿನ ಪ್ರತಿ ಪ್ರಯತ್ನದ ಮುಂದೆಯೂ ಕೆಂಪು ಗುರುತು ಬೀಳುತ್ತಿತ್ತು. ಅಧಿಕಾರಿಗೆ ಸುದ್ದಿ ತಿಳಿಸಿ, ಅತ್ತೆ ಕೊಟ್ಟ ಚಹಾ ಕುಡಿದು, ಗೆದ್ದವಳ ಹಾಗೆ ಸ್ಕೂಟರ್ ಹತ್ತಿ ಮನೆಗೆ ಬಂದೆ.

ಗುರುವಾರ ಮಧ್ಯಾಹ್ನ ಕ್ಯಾಮೆರಾವನ್ನು ಮತ್ತೆ ಗೇಟಿಗೆ ಹಾಕಲು ಹೋದೆ. ಅತ್ತೆ ಅಡುಗೆಮನೆಯಲ್ಲಿ ಬೆಲ್ಲದ ಮುಂದೆ ಸುಮ್ಮನೆ ಕೂತಿದ್ದರು. ಒಲೆ ಹಚ್ಚಿರಲಿಲ್ಲ.

"ಯಾಕ್ರೀ ಅಮ್ಮ, ಉಂಡಿ ಕಟ್ಟಲ್ವಾ?"

"ಯಾರಿಗೆ ಕಟ್ಟಲಿ ತಂಗಿ? ಪಂಚಮಿ ಬಾಗಲಿಗೆ ಬಂದೈತಿ, ನಿನ್ನಿಯಿಂದ ಒಬ್ಬರೂ ಫೋನ್ ಮಾಡಿಲ್ಲ. ಹ್ವಾದ ವರ್ಷ ಎಳ್ಳುಂಡಿ ಸ್ವಲ್ಪ ಗಟ್ಟಿ ಆಗಿದ್ವು. ಅದಕ್ಕ ಮಂದಿ ನನ್ನ ಕೈ ಬಿಟ್ರು ಕಾಣಸ್ತದ."

ಅವರ ಮುಖ ಅಷ್ಟು ಚಿಕ್ಕದಾಗಿದ್ದನ್ನು ನೋಡಿ ನನಗೆ ಸಂಕಟವಾಯಿತು. ಮರುಕ್ಷಣ ಅವರ ಬಾಯಿಂದ ಬಂದ 'ನಿನ್ನಿಯಿಂದ' ಎಂಬ ಮಾತು ತಲೆಯೊಳಗೆ ಕುಟುಕಿತು. ನನ್ನ ಮೊಬೈಲಿನಿಂದ ಅವರ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ರೆಕಾರ್ಡಿನ ಹೆಣ್ಣುದನಿ ಬಂತು. ನನ್ನ ಕೈಯಳತೆಯಲ್ಲಿ, ಒಲೆಯ ಪಕ್ಕದ ಕಲ್ಲಿನ ಮೇಲೆ, ಆ ಹಳೆಯ ಕೆಂಪು ಫೋನು ಸುಮ್ಮನೆ ಕೂತಿತ್ತು.

ಅದು ತಾಮ್ರದ ತಂತಿಯ ಹಳೇ ಕಾಲದ ಲೈನು ಎಂದೇ ನಾನು ತಿಳಿದಿದ್ದೆ. ವೈರಿನ ಬೆನ್ನುಹತ್ತಿ ಹೋದೆ. ಅದು ಕಲ್ಲಿನಿಂದ ಅಟ್ಟಕ್ಕೆ ಏರಿ, ಹಿತ್ತಾಳೆ ಪಾತ್ರೆಗಳ ಹಿಂದಿನಿಂದ ಹಾಲಿಗೆ ಇಳಿದು, ಶೋಕೇಸಿನ ಬೆನ್ನಿಗೆ ಅಂಟಿಕೊಂಡು ಬಂದು ನೇರವಾಗಿ ರೂಟರಿನ ಹಿಂಬದಿಯ ತೂತಿಗೆ ಸೇರಿತ್ತು. ಫೈಬರ್ ಹಾಕಿಸಿದ ದಿನ ಕೇಬಲ್‌ನವರು ಹಳೆಯ ನಂಬರನ್ನೇ ರೂಟರಿಗೆ ತಂದುಕೊಟ್ಟಿದ್ದರು. ರೊಟ್ಟಿ ಬಡಿಯುವಾಗ ಎದ್ದು ಹೋಗಲು ಆಗುವುದಿಲ್ಲ, ಫೋನು ಒಲೆಯ ಪಕ್ಕದಲ್ಲೇ ಇರಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಹಳೇ ಫೋನು, ಹಳೇ ವೈರು, ಹಳೇ ಜಾಗ ಎಲ್ಲವೂ ಹಾಗೇ ಉಳಿದು, ತುದಿ ಮಾತ್ರ ಬದಲಾಗಿತ್ತು. ಮನೆಯವರು ಅದನ್ನು ಮರೆತೇಬಿಟ್ಟಿದ್ದರು.

ಬ್ಲಾಕ್ ತೆಗೆದೆ. ರೂಟರ್ ತನ್ನ ವಿಳಾಸದೊಂದಿಗೆ ಮಾತು ಶುರುಮಾಡಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಟ್ರಿಣ್ ಎಂದಿತು. "ಶರಣು ಶರಣಾರ್ಥಿ" ಎಂದು ಅತ್ತೆ ಫೋನ್ ಎತ್ತಿದರು. ಆ ಕಡೆಯಿಂದ ಯಾರೋ ನಿನ್ನೆಯಿಂದ ಫೋನು ಸಿಗುತ್ತಿಲ್ಲವೆಂದು ಬೈಯುತ್ತಿರುವುದು ನನ್ನವರೆಗೂ ಕೇಳಿಸಿತು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಾಗಾದರೆ ರೂಟರಿನ ಗುಟ್ಟಿನ ಮಾತು ಇಷ್ಟೇ. 'ನಾನು ಇಲ್ಲಿದ್ದೇನೆ, ಈ ನಂಬರಿಗೆ ಕರೆ ಬಂದರೆ ನನಗೆ ಕೊಡಿ' ಎಂದು ಅದು ಕೇಬಲ್ ಕಂಪನಿಗೆ ಆಗಾಗ ಹೇಳುತ್ತಿತ್ತು. ಆದರೆ ಸೊಸೆಯ ಕಂಪನಿಯ ಬಾಗಿಲು ತಟ್ಟುತ್ತಿದ್ದವರು ಯಾರು? ಸೆಕ್ಯುರಿಟಿ ಅಧಿಕಾರಿಗೆ ಫೋನ್ ಮಾಡಿ, ಬುಧವಾರ ನಾನು ತಡೆ ಹಾಕಿದ ಮೇಲೆ ತಟ್ಟುವುದು ನಿಂತಿತೇ ಎಂದು ವಿಚಾರಿಸಿದೆ.

"ಇಲ್ಲ ಮೇಡಂ. ರಾತ್ರಿನೂ ಬಂದಿದೆ, ಬೆಳಿಗ್ಗೆನೂ ಬಂದಿದೆ."

"ಅಂದ್ರೆ ರೂಟರ್ ಅಲ್ಲ. ಅದು ಮಾತಾಡ್ತಿದ್ದದ್ದು ಮನೆ ಫೋನಿಗೋಸ್ಕರ."

"ಇರ್ಬೋದು. ಆದ್ರೆ ರೂಟರಿಂದ ಹೋಗೋ ಯಾವ ಟ್ರಾಫಿಕ್ ನಮ್ ಲಿಸ್ಟಲ್ಲಿ ಇಲ್ವೋ ಅದನ್ನ ಬ್ಲಾಕ್ ಮಾಡ್ಬೇಕು ಅನ್ನೋದು ನಮ್ ಪಾಲಿಸಿ. ನೀವು ಬ್ಲಾಕ್ ಹಾಕಿರೋ ಸ್ಕ್ರೀನ್‌ಶಾಟ್ ಕಳ್ಸಿ, ನಾಳೆ ನಾನು ಕಂಪ್ಲೇಂಟ್ ಟಿಕೆಟ್ ಕ್ಲೋಸ್ ಮಾಡ್ತೀನಿ. ಪಾಪ, ಅವ್ರಿಗೂ ತೊಂದ್ರೆ ಬೇಡ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಸ್ಪೀಕರ್ ಹಾಕಿದ್ದರಿಂದ ಸೊಸೆಯೂ ಕೇಳಿಸಿಕೊಂಡಳು. "ಅಕ್ಕ, ಬ್ಲಾಕ್ ಮಾಡ್ಬಿಡಿ. ಅತ್ತೆಗೆ ನಾನು ಮೊಬೈಲ್ ಕೊಡಿಸ್ತೀನಿ" ಎಂದಳು.

"ಪಂಚಮಿಗೆ ಫೋನ್ ಮಾಡೋರ ಹತ್ರ ಇರೋದು ಇದೇ ನಂಬರ್ ಅಲ್ವಾ?"

"ನನ್ ಕೆಲ್ಸ ಹೋದ್ರೆ?" ಅವಳು ಸ್ಟೂಲಿನ ಮೇಲಿದ್ದ ಕಾಲನ್ನು ತೋರಿಸಿದಳು. "ಈ ಕಾಲ್ ಇಟ್ಕೊಂಡು ಟೀಮ್ ಲೀಡ್ ಆಗಿದೀನಿ ಅಕ್ಕ ನಾನು. ಯಾರೂ ಸುಮ್ನೆ ಕೊಟ್ಟಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಗೆಲ್ಲ ಬೆಲ್ಲ ಮೆತ್ತಿತ್ತು. ಆಗ ತಾನೇ ಬೈಸಿಕೊಂಡು ಅರಳಿದ್ದ ಮುಖವನ್ನು ಗಟ್ಟಿ ಮಾಡಿಕೊಂಡು, "ನನ್ನ ಫೋನ್ ಹ್ವಾದ್ರ ಹೋಗ್ಲಿ ಬಿಡವಾ. ಬಂದ್ ಮಾಡು. ಆಕಿ ಕೆಲಸ ಉಳೀಲಿ" ಎಂದರು.

ಈಗ ಎಲ್ಲರೂ ಒಂದೇ ಕಡೆ. ಅಧಿಕಾರಿ ಬ್ಲಾಕ್ ಮಾಡಿ ಎನ್ನುತ್ತಿದ್ದಾರೆ, ಸೊಸೆ ಹೂಂ ಎನ್ನುತ್ತಿದ್ದಾಳೆ, ಫೋನಿನ ಒಡತಿಯೇ ಒಪ್ಪಿದ್ದಾರೆ. ಒಂದು ಬಟನ್ ಒತ್ತಿ ಚಿತ್ರ ಕಳಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ನಾನು ಒಲ್ಲೆ ಎಂದೆ. ಒಳ್ಳೆಯತನ ಅದಕ್ಕೆ ಕಾರಣವಲ್ಲ. ತಟ್ಟುವವನು ಬೇರೆ ಇದ್ದಾನೆ. ರೂಟರಿನ ಬಾಯಿ ಮುಚ್ಚಿದರೆ ಅವನು ನಿಲ್ಲುವುದಿಲ್ಲ. ಶುಕ್ರವಾರ ಮುಚ್ಚಿದ ದೂರು ಸೋಮವಾರವೋ ಮಂಗಳವಾರವೋ ಮತ್ತೆ ಏಳುತ್ತದೆ. ಎರಡನೇ ಸಲ ಎದ್ದರೆ ಅನುಮತಿ ಕಾಯಂ ರದ್ದು. ಹಾಗಾದರೆ ಅತ್ತೆಯ ಫೋನೂ ಹೋಗುತ್ತದೆ, ಸೊಸೆಯ ಕೆಲಸವೂ ಹೋಗುತ್ತದೆ, ನನ್ನ ಸ್ಕ್ರೀನ್‌ಶಾಟ್ ಮಾತ್ರ ಚೆನ್ನಾಗಿ ಉಳಿಯುತ್ತದೆ. ಇದನ್ನು ಸೊಸೆಗೆ ಬಿಡಿಸಿ ಹೇಳಿದೆ. ಅವಳು ಮುಖ ತಿರುಗಿಸಿ ಲ್ಯಾಪ್‌ಟಾಪಿನಲ್ಲಿ ಬಿಲ್ಲು ನೋಡತೊಡಗಿದಳು. ಆ ಸಂಜೆ ನನಗೆ ಚಹಾ ಬರಲಿಲ್ಲ.

ನಾನು ಮತ್ತೆ ಪೆಟ್ಟಿಗೆಯ ಮುಂದೆ ಕೂತೆ. ಅಷ್ಟು ದಿನ ನನ್ನ ಕಣ್ಣೆಲ್ಲ ಮನೆಯೊಳಗಿನ ಸಾಧನಗಳ ಮೇಲಿತ್ತು. ಮನೆಗೆ ಹೊರಗಿನಿಂದ ಸಿಕ್ಕಿರುವ ವಿಳಾಸ ಯಾವುದು ಎಂದು ಈಗ ನೋಡಿದೆ. ಕೇಬಲ್ ಕಂಪನಿ ಪೆಟ್ಟಿಗೆಗೆ ಕೊಟ್ಟ ವಿಳಾಸ ಒಂದು. ಸೆಕ್ಯುರಿಟಿ ವಿಭಾಗದ ಮೇಲ್‌ನಲ್ಲಿದ್ದ ವಿಳಾಸ ಇನ್ನೊಂದು. ಎರಡರ ಅಂಕಿಗಳೂ ತಾಳೆಯಾಗಲಿಲ್ಲ. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸಣ್ಣ ಕೇಬಲ್ ಕಂಪನಿಗಳ ಬಳಿ ಇಂಟರ್ನೆಟ್ ವಿಳಾಸಗಳು ಕಡಿಮೆ. ಅದಕ್ಕೆ ಅವರು ಒಂದೇ ವಿಳಾಸವನ್ನು ಹಲವು ಬೀದಿಗಳ ಮನೆಗಳಿಗೆ ಹಂಚುತ್ತಾರೆ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ಒಳಗೆ ಯಾರು ಗಲಾಟೆ ಮಾಡಿದರೂ ಬೀದಿಯಲ್ಲಿ ನಿಂತವನಿಗೆ ಕಾಣುವುದು ಆ ಒಂದೇ ನಂಬರು. ಸೊಸೆಯ ಕಂಪನಿಯವರಿಗೆ ಕಂಡ ವಿಳಾಸ ಈ ಮನೆಯದಷ್ಟೇ ಅಲ್ಲ, ಅರ್ಧ ಕತ್ರಿಗುಪ್ಪೆಯದು.

ನನಗೆ ಗೊತ್ತಾದರೆ ಸಾಲದು, ಅಧಿಕಾರಿಗೆ ಕಣ್ಣಾರೆ ಕಾಣಬೇಕು. ಶುಕ್ರವಾರ ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ.

"ಸಾರ್, ನೀವು ನಿಮ್ಮ ಸ್ಕ್ರೀನ್ ಮುಂದೆ ಕೂತ್ಕೊಳಿ. ನಾನಿಲ್ಲಿ ಫೈಬರ್ ಕಿತ್ತಿಡ್ತೀನಿ. ಇಡೀ ಮನೆಗೆ ನೆಟ್ ಇರಲ್ಲ. ಆಮೇಲೂ ಅದೇ ಅಡ್ರೆಸ್ಸಿಂದ ಯಾರಾದ್ರೂ ತಟ್ಟಿದ್ರೆ ಅದು ನಮ್ಮನೆಯವ್ರಲ್ಲ."

"ಮೇಡಂ, ಇದು ಪ್ರೊಸೀಜರ್‌ನಲ್ಲಿ ಇಲ್ಲ."

"ಪ್ರೊಸೀಜರ್‌ನಲ್ಲಿ ಇರೋದು ಸ್ಕ್ರೀನ್‌ಶಾಟು. ಅದನ್ನ ಕೊಟ್ರೆ ನಿಮ್ ಬಾಗಿಲು ತಟ್ಟೋನು ಹಾಗೇ ಇರ್ತಾನಲ್ಲ ಸಾರ್. ನಿಮಗೆ ಬೇಕಾಗಿರೋದು ಯಾವ್ದು?"

ಅಷ್ಟು ಜೋರಾಗಿ ಹೇಳಬಾರದಿತ್ತೇನೋ ಎಂದು ಸೊಸೆ ನನ್ನನ್ನು ನೋಡಿದಳು. "ಸರಿ, ಕೀಳಿ" ಎಂದರು ಅಧಿಕಾರಿ.

ಲ್ಯಾಪ್‌ಟಾಪ್ ಮುಚ್ಚಿದೆವು. ಎಲ್ಲ ಫೋನುಗಳ ವೈಫೈ ಆರಿಸಿದೆವು. ಫೈಬರ್ ವೈರನ್ನು ಗೋಡೆಯ ಡಬ್ಬಿಯಿಂದ ಬಿಡಿಸಿ, ಧೂಳು ಕೂರದಂತೆ ಟೋಪಿ ಹಾಕಿ, ಶೋಕೇಸಿನ ಮೇಲಿಟ್ಟೆ. ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು. ನನ್ನ ಮೊಬೈಲ್ ಸ್ಪೀಕರಿನಲ್ಲಿ ಅಧಿಕಾರಿಯ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅತ್ತೆ ದೊಡ್ಡ ಪರಾತವನ್ನು ಹಾಲಿಗೇ ತಂದು ಕೂತು ಉಂಡಿ ಕಟ್ಟತೊಡಗಿದರು. ಆರ್ಡರು ಕೊಟ್ಟವರು ಸಂಜೆ ಬರುವವರಿದ್ದರು. ಸೊಸೆಯ ಬೆರಳುಗಳು ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ನನಗೂ ಒಳಗೊಳಗೇ ಅಳುಕು. ತಟ್ಟುವವನು ಈ ಹೊತ್ತಿಗೇ ಸುಮ್ಮನಾಗಿಬಿಟ್ಟರೆ? ನೋಡಿ, ನಿಮ್ಮ ಮನೆ ಕಿತ್ತ ಕೂಡಲೇ ನಿಂತಿತು ಎಂದು ಅವರು ಹೇಳಿಬಿಟ್ಟರೆ? ಇಷ್ಟು ದಿನ ಶಪಿಸಿದ ಆ ಅನಾಮಿಕ ಕಳ್ಳ ಬಂದು ಒಂದು ಸಲ ತಟ್ಟಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಉಂಡಿಗಳ ಒಂದು ಸಾಲು ಮುಗಿದು ಇನ್ನೊಂದು ಶುರುವಾಗಿತ್ತು.

"ಮೇಡಂ," ಎಂದರು ಅಧಿಕಾರಿ. "ನಿಮ್ಮ ಫೈಬರ್ ಇನ್ನೂ ಹೊರಗೇ ಇದೆ ಅಲ್ವಾ?"

"ನನ್ ಕಣ್ಮುಂದೆ ಇದೆ ಸಾರ್."

"ಬಂತು. ಅದೇ ಅಡ್ರೆಸ್. ಒಂದು... ಇನ್ನೊಂದು. ಸಾಲಾಗಿ ಬರ್ತಾ ಇದೆ." ಆಮೇಲೆ ಅವರೇ ನಕ್ಕರು. "ಇದು ನಿಮ್ಮನೆ ಅಲ್ಲ ಮೇಡಂ. ಖಂಡಿತ ಅಲ್ಲ."

ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆಗೆ ಅರ್ಥವಾದದ್ದು ಕೊನೆಯ ಮಾತು ಮಾತ್ರ. ಎದ್ದು ಬಂದು, ಬೆಲ್ಲದ ಕೈಯಲ್ಲೇ ಸೊಸೆಯ ತಲೆ ಸವರಿ, ಮರುಕ್ಷಣ "ಅಯ್ಯ, ಕೂದಲಿಗೆ ಹತ್ತೇಬಿಡ್ತು" ಎಂದು ಪೇಚಾಡಿದರು. ನನಗೆ ಆದ ಹೆಮ್ಮೆಯನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಏಣಿ ಹತ್ತಿ ವೈರು ಎಳೆಯುವವಳು ಎಂದು ನನ್ನನ್ನು ಕರೆಯುವವರಿದ್ದಾರೆ. ಆ ಬೆಳಿಗ್ಗೆ ನಾನು ಎಳೆದದ್ದು ಒಂದೇ ಒಂದು ವೈರು, ಎಳೆಯಬೇಕಾದದ್ದು ಅದೇ ಎಂದು ಗೊತ್ತಿದ್ದು ಎಳೆದೆ.

"ನೀವು ಈಗ ಹೇಳಿದ್ದನ್ನೇ ಮೇಲ್‌ನಲ್ಲಿ ಬರೆದು ಕಳ್ಸಿ ಸಾರ್" ಎಂದೆ. ಕಳಿಸಿದರು. ಉಳಿದದ್ದು ಸುಲಭ. ಕೇಬಲ್‌ನವನನ್ನು ಹಿಡಿದು ಕೂರಿಸಿ, ಈ ಮನೆಗೆ ಯಾರೊಂದಿಗೂ ಹಂಚದ ಸ್ವಂತ ವಿಳಾಸವೊಂದನ್ನು ಅದೇ ದಿನ ಹಾಕಿಸಿಕೊಂಡೆ. ಆ ಹಂಚಿದ ವಿಳಾಸದ ಹಿಂದೆ ಯಾರ ಮನೆಯ ಯಾವ ಯಂತ್ರ ಕೆಟ್ಟಿತ್ತೋ ಅದನ್ನು ಹುಡುಕುವುದು ಅವನ ಪಾಲಿಗೆ ಬಿತ್ತು. ಸೊಸೆ ಸೋಮವಾರ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ತನ್ನ ಟೀಮಿನ ಮೀಟಿಂಗ್ ನಡೆಸಿದಳು. ನನಗೆ ಒಂದು ಡಬ್ಬಿ ಉಂಡಿ ಬಂತು. ಎಳ್ಳುಂಡಿ ಮೆತ್ತಗಿದ್ದವು.

ರೂಟರಿನ ಆ ಅನಿರೀಕ್ಷಿತ ಮಾತಿಗೆ ಏನು ಮಾಡಿದೆ ಎಂದು ನನ್ನ ಕಸುಬಿನವರು ಕೇಳುತ್ತಾರೆ. ಪೂರ್ತಿ ಬಿಡಲಿಲ್ಲ, ಪೂರ್ತಿ ತಡೆಯಲೂ ಇಲ್ಲ. ರೂಟರ್ ತನ್ನ ಫೋನಿನ ಸರ್ವರಿನೊಂದಿಗೆ ಮಾತ್ರ ಮಾತಾಡಬಹುದು, ಬೇರೆ ಯಾರ ಜೊತೆಗೂ ಇಲ್ಲ ಎಂದು ನಿಯಮ ಬರೆದೆ. ಫೈರ್‌ವಾಲಿನಲ್ಲಿ ಪ್ರತಿ ನಿಯಮದ ಪಕ್ಕದಲ್ಲಿ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಯಾರೂ ಏನೂ ಬರೆಯುವುದಿಲ್ಲ. ನಾನು ಬರೆದೆ, ಕನ್ನಡದಲ್ಲೇ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಸೊಸೆಯ ಕಂಪನಿಯವರು ಮನೆಯಿಂದ ಕೆಲಸ ಮಾಡುವವರ ನೆಟ್‌ವರ್ಕ್ ಪರೀಕ್ಷೆಗೆ ಯುವಕನೊಬ್ಬನನ್ನು ಕಳಿಸಿದ್ದರು. ಅವನು ಆ ಮನೆಯ ಹಾಲಿನಲ್ಲಿ ಪೆಟ್ಟಿಗೆಯ ಮುಂದೆ ನಿಂತಿದ್ದ.

"ಮೇಡಂ, ಎಲ್ಲಾ ನೀಟಾಗಿದೆ. ಒಂದು ರೂಲ್ ಮಾತ್ರ ಇದೆ, ರೂಟರ್ ಹೊರಗಡೆ ಮಾತಾಡಕ್ಕೆ ಬಿಟ್ಟಿದೀರ. ಇದು ಬೇಡ ಅಲ್ವಾ? ತೆಗೆದುಬಿಡ್ಲಾ?"

"ಪಕ್ಕದಲ್ಲಿ ಏನೋ ಬರ್ದಿದೆ ನೋಡಿ. ಓದಿ."

ಅವನು ಗಟ್ಟಿಯಾಗಿ ಓದಿದ. "ಇದು ಅತ್ತೆಯವರ ಫೋನು. ವಿಚಾರಿಸದೆ ಮುಟ್ಟಬೇಡಿ."

ನಾನು ಏನೋ ಹೇಳಬೇಕು ಎನ್ನುವಷ್ಟರಲ್ಲಿ ಅವನ ಹಿಂದೆ, ಆ ಮನೆಯ ಅಡುಗೆಮನೆಯಲ್ಲಿ, ಟ್ರಿಣ್ ಎಂದಿತು. ರೊಟ್ಟಿ ಬಡಿಯುವ ಸದ್ದು ನಿಂತಿತು. "ಶರಣು ಶರಣಾರ್ಥಿ" ಎಂಬ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇರ್ಲಿ ಬಿಡಿ ಮೇಡಂ" ಎಂದ ಅವನು.